ಆರನೆಯ ಡಬ್ಬಿ

ಡಬ್ಬಿಗೆ ಗುರಿಯಿಟ್ಟು ಹೊಡೆಯಲು ನನಗೊಂದು ಸಣ್ಣ ಗುಂಡಿನ ರಿವಾಲ್ವರ್ ಬೇಕಿತ್ತು. ಅಮೆರಿಕದ ಮೊಂಟಾನಾದ ನಮ್ಮೂರ ಬಂದೂಕಿನಂಗಡಿಯ ಮುದುಕ ಆರಿನ್ ಹಳೆಯದೊಂದನ್ನು ಕೈಗಿಟ್ಟ. ಅಂಗಡಿಯಲ್ಲಿ ಕೊರೆಯುವ ಚಳಿ. ಆದರೂ ಅದರ ಹಿಡಿಕೆ, ಯಾರೋ ಈಗಷ್ಟೇ ಬಿಟ್ಟಂತೆ ಬೆಚ್ಚಗಿತ್ತು.

“ಕೈಗೆ ಹಗುರ, ಗುಂಡು ಹಾರಿಸಿದಾಗ ಹಿಂದಕ್ಕೆ ಒದೆಯೋದೂ ಇಲ್ಲ. ಆದ್ರೆ ಕೊಂಡೋರೆಲ್ಲ ವಾಪಸ್ ತಂದ್ಬಿಡ್ತಾರಮ್ಮ.”

“ಯಾಕೆ ತಾತ?”

“ಯಾರೂ ಬಾಯಿ ಬಿಡಲ್ಲ. ಹಿತ್ತಲಲ್ಲಿ ನೀನೇ ಹೊಡೆದು ನೋಡು.”

ಬೇಲಿಯ ಮೇಲೆ ಆರು ಡಬ್ಬಿ ಇಟ್ಟೆವು. ಆಚೆಗೆ ಹಿಮ ಹೊದ್ದ ಬೋಳು ಗುಡ್ಡ. ಆರು ಗುಂಡಿಗೆ ಐದು ಡಬ್ಬಿ ಬಿದ್ದವು. ನಾನು ರಿವಾಲ್ವರ್ ಕೆಳಗಿಟ್ಟೆ. ಆಗ ಇನ್ನೊಂದು ಗುಂಡಿನ ಸದ್ದಾಗಿ ಆರನೆಯ ಡಬ್ಬಿಯೂ ಉರುಳಿತು.

“ನೀನೇ ತಾನೆ ಹೊಡೆದಿದ್ದು?” ಆರಿನ್ ಕೇಳಿದ.

ನಾನು ಖಾಲಿ ಕೈ ತೋರಿಸಿ, ಹೋಗಿ ಡಬ್ಬಿ ಎತ್ತಿದೆ. ಗುಂಡು ಗುಡ್ಡದ ಕಡೆಯಿಂದ ಹೊಕ್ಕು ನಮ್ಮ ಕಡೆಗೆ ಹೊರಬಂದಿತ್ತು. ಆ ಗುಡ್ಡದ ಹಿಮದಲ್ಲಿ ಒಂದೇ ಒಂದು ಹೆಜ್ಜೆಗುರುತೂ ಇರಲಿಲ್ಲ.