ಮೆಣಸಿನಕಾಯಿಯ ಸೀನು

ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಅಜಯ ಎದ್ದು ನಿಂತು ನಕ್ಕ. ಹದಿಮೂರು ತಿಂಗಳ ಮೇಲೆ ಅಂಜನಾಳ ಮುಖ ನೋಡುತ್ತಿದ್ದ, ಪಾಪ. ಅವಳು ಬ್ಯಾಗನ್ನು ಟೇಬಲ್ ಮೇಲೆ ಕುಕ್ಕಿದಳು.

“ಹಲ್ಲು ಕಿರೀಬ್ಯಾಡ. ನಮ್ಮವ್ವ ಮೂರು ದಿನದಿಂದ ನೆಟ್ಟಗ ಉಂಡಿಲ್ಲ.”

ಡೆನ್ಮಾರ್ಕಿನ ಒಂದು ಮನೆಯಲ್ಲೇ ಇದ್ದು ಅವರ ಮಗುವನ್ನು ನೋಡಿಕೊಳ್ಳುವ ಓ ಪೇರ್ ಕೆಲಸ ಅವಳದು; ಈಗ ರಜೆಯ ಮೇಲೆ ಊರಿಗೆ ಬಂದಿದ್ದಳು. ಬನಹಟ್ಟಿಯ ಅವ್ವನಿಗೆ ಅಲ್ಲಿಂದ ಫೋನಿನಲ್ಲಿ ‘ಆರಾಮ ಅದೀನಿ’ ಎಂದಷ್ಟೇ ಹೇಳುತ್ತಿದ್ದಳು. ಅತ್ತದ್ದನ್ನೆಲ್ಲ ಹೇಳಿಕೊಂಡದ್ದು ಅಜಯನಿಗೆ ಮಾತ್ರ, ವಾಯ್ಸ್ ಮೆಸೇಜುಗಳಲ್ಲಿ. ಆ ಮಹಾನುಭಾವನೋ ಟಿವಿ ಸೀರಿಯಲ್ಲಿಗೆ ಸಂಭಾಷಣೆ ಬರೆಯುವವನು. ಹುಡುಗಿಯ ಹೆಸರು, ಊರು, ದೇಶ ಬದಲಿಸಿ ಉಳಿದದ್ದನ್ನು ಇದ್ದಂತೆಯೇ ಎತ್ತಿ ಬರೆದುಬಿಟ್ಟಿದ್ದ.

“ಯಾರಿಗೂ ಗೊತ್ತಾಗಂಗಿಲ್ಲ ಅಂದ್ಕೊಂಡಿದ್ದೆ,” ಎಂದ.

“ಕೂಸಿಗೆ ಜ್ವರ ಬಂತಂತ ಪರದೇಶದಾಗ ಮೆಣಸಿನಕಾಯಿ ಸುಟ್ಟು ದೃಷ್ಟಿ ತಗಿಯಾಕಿ ನನ್ನ ಬಿಟ್ಟು ಮತ್ಯಾರದಾರೋ? ಘಾಟಿಗೆ ಅಲಾರಾಂ ಹೊಡಕೊಂಡಿದ್ದು, ಮನಿಯಾಕಿ ನನ್ನ ಬಾಲ್ಕನ್ಯಾಗ ನಿಲ್ಲಿಸಿದ್ದು, ಹಿಮದಾಗ ನಾ ಅತ್ತಿದ್ದು, ಎಲ್ಲಾ ತೋರಿಸಿದಿ! ಆ ಮೆಣಸಿನಕಾಯಿ ಕಟ್ಟಿ ಕಳಿಸಿದಾಕಿ ನಮ್ಮವ್ವ. ಸೀರಿಯಲ್ ನೋಡಿದಾಗಿಂದ ‘ನನ್ನಿಂದ ಮಗಳು ಥಂಡ್ಯಾಗ ನಿಂತಳು’ ಅಂತ ಅಳಾಕತ್ತಾಳ.”

ಅಜಯನ ಮುಖ ಪೆಚ್ಚಾಯಿತು. ಆ ಮುಖಕ್ಕೆ ತನ್ನ ಮನಸ್ಸು ಕರಗುತ್ತಿದೆ ಎಂದು ತಿಳಿದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಮತ್ತ ಆ ನಿನ್ನ ಹೀರೋ! ದಿನಾ ಟಿವಿಯಾಗ ‘ನೀನಿಲ್ಲದ ಊರು ಊರೇ ಅಲ್ಲ’ ಅಂತಾನ. ನಾಡಿಗೆಲ್ಲಾ ಹೇಳಿದಿ. ನನಗ ಹೇಳಾಕ ಏನ್ ಧಾಡಿ?”

“ಅವನ ಬಾಯಾಗ ಸಲೀಸ ಬರತೈತಿ. ನನ್ನ ಬಾಯಾಗ ಬರಂಗಿಲ್ಲ, ಅಂಜನಾ.”

“ಸೋಮವಾರ ನನ್ನ ವಿಮಾನ ಐತಿ. ಹತ್ತಿದೆ ಅಂದ್ರ ಇನ್ನೊಂದು ವರ್ಷ ಬರಂಗಿಲ್ಲ. ಈಗ ಬರತೈತೇನ್ ನೋಡು.”

ಅವನು ಚಹಾದ ಬಸಿಯನ್ನು ಅತ್ತಿತ್ತ ತಿರುಗಿಸಿದ. ಕಿವಿ ಕೆಂಪಾದವು. ತಟ್ಟನೆ ಎದ್ದ.

“ನಡಿ, ಬನಹಟ್ಟಿಗೆ ಹೋಗೂಣು. ನಿಮ್ಮವ್ವನ ಕಾಲಿಗೆ ಬಿದ್ದು ತಪ್ಪಾತ್ರಿ ಅಂತೇನಿ. ಆಮ್ಯಾಲ ಮಗಳ್ನ ಕೊಡ್ರಿ ಅಂತ ಕೇಳ್ತೇನಿ. ನೀ ವಿಮಾನ ಹತ್ತು, ಬಿಡು. ನಾ ಅಂತೂ ಕಾಯಾಂವ.”

ಬಸ್ಸಿನಲ್ಲಿ ಅವಳು ಕಿಟಕಿಯತ್ತ ಮುಖ ಮಾಡಿ ಕುಳಿತಳು. ಅವನು ಹೆದರಿ ಹಿಂದಿನ ಸೀಟಿನಲ್ಲಿ ಕೂರಹೋದ.

“ಇಲ್ಲಿ ಕೂಡು,” ಎಂದು ಪಕ್ಕದ ಸೀಟು ತಟ್ಟಿದಳು. “ಅವ್ವ ಬೈಯೂ ಮುಂದ ನಾ ನಡಬರಕ ಬರಂಗಿಲ್ಲ. ಎಲ್ಲಾ ಬೈಸ್ಕೊ.”

“ಹೂಂ.”

“ಆಕಿ ಮಗಳ್ನ ಕೊಡಂಗಿಲ್ಲ ಅಂದ್ರ ಮಾತ್ರ ಬರ್ತೇನಿ.”