ಲೇಸಿನ ಇನ್ನೊಂದರ್ಧ

ನಮ್ಮತ್ತೆ ಎಡಚಿ. ಅವರ ಹೊಲಿಗೆ ಎಡಕ್ಕೆ ವಾಲುತ್ತಿತ್ತು, ನನ್ನದು ಬಲಕ್ಕೆ. ಅಗಲ ಘೇರಿನ ಲಂಗದ ಅಂಚಿಗೆ ಕೈಯಲ್ಲಿ ಲೇಸು ಹೊಲಿಯುವಾಗ ಎದುರುಬದುರು ಕೂತು, ನಾನೊಂದರ್ಧ, ಅವರೊಂದರ್ಧ ಮುಗಿಸುತ್ತಿದ್ದೆವು. ಕೊನೆಗೆ ನನ್ನ ಸೂಜಿಗೆ ಸಲೀಸಾಗಿ ಹೋಗಲೆಂದು ತಮ್ಮ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, "ಗಂಟು ನೀನೇ ಹಾಕಮ್ಮ" ಎನ್ನುತ್ತಿದ್ದರು. ಬೇರೆ ಯಾರ ಗಂಟನ್ನೂ ನಂಬದ ಹೆಂಗಸು ಅವರು.

ಅವರು ತೀರಿಕೊಂಡ ಮೇಲೆ ಬಂದ ಮೊದಲ ಮದುವೆ ಲಂಗ ಅದು. ಸಂಜೆಯೊಳಗೆ ಕೊಡಬೇಕಿತ್ತು. ಮಟಮಟ ಮಧ್ಯಾಹ್ನ ಒಬ್ಬಳೇ ಕೂತೆ. ಬಟ್ಟೆ ಮಾತ್ರ ಆಚೆಯಿಂದ ಯಾರೋ ಹಿಡಿದುಕೊಂಡ ಹಾಗೆ ಹದವಾಗಿ ಬಿಗಿದಿತ್ತು. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಆ ಬದಿ ಅಲುಗಲಿಲ್ಲ. ನನಗೆ ತಲೆಯೆತ್ತುವ ಮನಸ್ಸಾಗಲಿಲ್ಲ.

ಅರ್ಧ ಮುಗಿಸಿ ಲಂಗ ತಿರುಗಿಸಿದರೆ, ಉಳಿದರ್ಧಕ್ಕೂ ಲೇಸು ಕೂತಿತ್ತು. ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು.

ಗಂಡನನ್ನು ಕೂಗಿದೆ. ಅವರು ಅಂಚಿನ ಮೇಲೆ ಬೆರಳಾಡಿಸಿ, "ಅಮ್ಮನ ಕೈ ಕಣೇ ಇದು" ಎಂದರು.

ಎರಡು ಹೊಲಿಗೆಗಳು ಸೇರುವಲ್ಲಿ ಗೇಣುದ್ದ ದಾರ ಗಂಟಿಲ್ಲದೆ ಇಳಿಬಿದ್ದಿತ್ತು. ಸೂಜಿಗೆ ಪೋಣಿಸಲು ಹಿಡಿದೆ. ತುದಿ ಒದ್ದೆಯಾಗಿತ್ತು.