ನೀಲಿ ಮುಳ್ಳಿನ ವಾಚು

ಕತ್ತಿ ನನ್ನ ಕಿವಿ ಸವರಿಕೊಂಡು ಹೋಯಿತು!

ಬಗ್ಗಿದೆ. ಅವನ ಮೊಣಕಾಲಿಗೆ ಒದ್ದೆ. ಮಾಗೋಡು ರಸ್ತೆಯ ಬದಿಗೆ ಮನೋಹರ ಕುಸಿದುಬಿದ್ದ. ಕಿರವತ್ತಿಯ ಧಾಬಾದಿಂದ ಅವನ ಬೈಕನ್ನು ಅಟ್ಟಿಸಿಕೊಂಡು ಬಂದಿದ್ದೆ, ಸಾರ್...

"ಕದ್ದ ವಾಚು ಬಿಚ್ಚು!"

"ನನ್ನದು ಮಾರಾಯ! ಶುಂಠಿ ಬೆಳೆದು ತಗಂಡಿದ್ದು. ಹುಬ್ಬಳ್ಳಿ ಅಂಗಡಿಗೆ ಫೋನ್ ಮಾಡಿ ಕೇಳು!"

ಕೇಳಬಹುದಿತ್ತು. ಕೇಳಲಿಲ್ಲ. ಉಗುರಲ್ಲಿ ಕೆಸರಿರುವ ಕೈಗೆ ಸ್ವಿಸ್ ವಾಚಾ? ನನಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು.

ಬೈಕಿನ ಹಿಂದೆ ಕೂತು ಬಂದಿದ್ದ ಅವನ ಹೆಂಡತಿ ಕಾವ್ಯಶ್ರೀ ಅಡ್ಡ ಬಂದಳು. "ಅಣ್ಣಾ, ಹೊಡೀಬ್ಯಾಡಿ..."

ಅವಳ ಕಣ್ಣೆದುರೇ ಇನ್ನೊಂದು ಬಾರಿಸಿ ವಾಚು ಕಿತ್ತುಕೊಂಡೆ.

ನನಗೆ ಈ ಕೆಲಸ ಕೊಟ್ಟವನು ಶಿರಸಿಯ ವ್ಯಾಪಾರಿ ಉಲ್ಲಾಸ. ತನ್ನ ವಾಚು ಕಳುವಾಗಿದೆ ಅಂತ ಅದರ ಫೋಟೋ ಕೊಟ್ಟಿದ್ದ, ಕಳ್ಳನ ಹೆಸರನ್ನೂ ಹೇಳಿದ್ದ. ಶಿರಸಿಗೆ ಹೋಗಿ ವಾಚನ್ನು ಅವನ ಕೈಗಿಟ್ಟೆ. ಅವನು ತನ್ನ ಮಣಿಕಟ್ಟಿನಿಂದ ಇನ್ನೊಂದು ಬಿಚ್ಚಿ ಪಕ್ಕದಲ್ಲಿಟ್ಟ.

ಒಂದೇ ಕಂಪನಿ. ಒಂದೇ ಅಳತೆ. ಎರಡೂ ಕೀ ಕೊಡುವಂಥವು. ಅವಳಿಜವಳಿ!

"ಸರಿಯಾಗಿ ನೋಡಾ," ಉಲ್ಲಾಸ ಲೆನ್ಸ್ ಕೊಟ್ಟ. "ನನ್ನದರಲ್ಲಿ ತಾರೀಖಿನ ಕಿಂಡಿ ಮೂರರ ಅಂಕಿಯನ್ನೇ ನುಂಗಿದೆ. ಇದರಲ್ಲಿ ಕಿಂಡಿಯೇ ಇಲ್ಲ, ಎಷ್ಟು ಕ್ಲೀನ್! ಸೆಕೆಂಡಿನ ಮುಳ್ಳು ನೀಲಿ ಉಕ್ಕು. ಹಿಂದೆ ಗಾಜು... ಚಕ್ರ ತಿರುಗೋದು ಕಾಣ್ತದೆ. ನನ್ನದಕ್ಕೆ ಬರೀ ತಗಡು!"

"ನಿಮ್ಮದು ಆ ತಗಡಿನದಾದ್ರೆ... ಕಳುವಾದದ್ದು ಯಾವುದು?"

ಅವನು ನಕ್ಕ.

"ಹುಬ್ಬಳ್ಳಿ ಅಂಗಡೀಲಿ ಎರಡನ್ನೂ ಕಟ್ಟಿಕೊಂಡು ನೋಡ್ತಾ ಕೂತಿದ್ದೆ. ಚಾ ಕುಡಿದು ಬರೋಷ್ಟರಲ್ಲಿ ಅವ ದುಡ್ಡು ಕೊಟ್ಟು ಇದನ್ನ ತಗೊಂಡ. ಇದ್ದದ್ದು ಅದೊಂದೇ ಪೀಸು! ಅವನಿಗೆಂತಕ್ಕೆ ಇಂಥ ವಾಚು?"

ಮುಖಕ್ಕೆ ಉಗಿದಂತಾಯಿತು, ಸಾರ್. ಅದೇ ಮಾತನ್ನು ನಾನೂ ಯೋಚಿಸಿದ್ದೆ.

ನೀಲಿ ಮುಳ್ಳಿನದನ್ನು ಎತ್ತಿಕೊಂಡೆ. ಬಾಗಿಲಿಗೆ ಅವನ ಡ್ರೈವರ್ ಶಂಕ್ರಪ್ಪ ಅಡ್ಡ ನಿಂತ. ಮೂಗಿಗೆ ತಲೆಯಿಂದ ಗುದ್ದಿ ಹಾರಿದೆ. ಅವರ ಬೊಲೆರೊ ಜೀಪು ನನ್ನ ಬೈಕಿನ ಬೆನ್ನು ಹತ್ತಿತು! ಮಂಚಿಕೇರಿಯ ತಿರುವಿನಲ್ಲಿ ಮರ ತುಂಬಿದ್ದ ಲಾರಿಯನ್ನು ಓವರ್‌ಟೇಕ್ ಮಾಡಿದೆ. ಅವರಿಗೆ ಆಗಲಿಲ್ಲ.

ವಜ್ರಳ್ಳಿಯಲ್ಲಿ ಮನೋಹರನ ಮನೆ. ಅವನು ಜಗಲಿಯಲ್ಲಿ ಕೂತಿದ್ದ. ತುಟಿ ಊದಿತ್ತು.

"ತಪ್ಪಾಯ್ತು..." ವಾಚು ಚಾಚಿದೆ.

ಅವನು ಮುಟ್ಟಲಿಲ್ಲ. ಕಾವ್ಯಶ್ರೀ ಬಂದು ತೆಗೆದುಕೊಂಡಳು. ನಾನು ತಿರುಗಿದೆ.

"ನಿಲ್ಲು ಅಲ್ಲೇ! ಇಂಥದ್ದೇ ಇನ್ನೊಂದು ಅಂಗಡೀಲಿ ನೋಡಿದ್ದೆ. ಬದಲಿಸಿ ತಂದಿದ್ರೆ?"

ಈ ಸಲ ಅವಳು ಅಣ್ಣ ಅನ್ನಲಿಲ್ಲ. ತನ್ನ ಫೋನಿನಲ್ಲಿದ್ದ ತಮ್ಮ ವಾಚಿನ ಫೋಟೋದ ಪಕ್ಕ ಅದನ್ನು ಹಿಡಿದು ನೋಡಿದಳು. ಮುಳ್ಳು. ಅಂಕಿ. ಹಿಂದಿನ ಗಾಜು. ಬೆಲ್ಟಿನ ಹೊಲಿಗೆ ಕೂಡ. ನಾನು ಅಂಗಳದ ಬಿಸಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಪಕ್ಕದ ಮನೆಯವರು ಬೇಲಿಗೆ ಬಂದು ನೋಡುತ್ತಿದ್ದರು.

"ನಮ್ಮದೇ ಹೌದೇನೇ?" ಮನೋಹರ ಕೇಳಿದ.

"ವಾಚು ಅಸಲಿ," ಅಂದಳು. "ತಂದವ ಎಂಥವನೋ, ನಂಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ, ಸಾರ್.